ಸಣ್ಣ ಸರಕು ವಾಹನದ ಸ್ಪಾರ್ಕ್ ಪ್ಲಗ್ ಬದಲಾವಣೆ: ಮಾಲೀಕರು ತಿಳಿದಿರಬೇಕಾದ ಅಂಶಗಳು

ವ್ಯಾಪಾರ ಸಂಸ್ಥೆಯ ಲೆಕ್ಕಪತ್ರಗಳಲ್ಲಿ ವಾಹನ ದುರಸ್ತಿ ವೆಚ್ಚವು ಹೆಚ್ಚಿನ ಗಮನ ಪಡೆಯದ ಬಾಬತ್ತು. ಆದರೆ ಸರಕು ತುಂಬಿದ ವಾಹನ ದಾರಿಯ ಮಧ್ಯದಲ್ಲಿ ನಿಂತುಹೋದ ದಿನ ಗ್ರಾಹಕರಲ್ಲಿ ಕಳೆದುಕೊಂಡ ವಿಶ್ವಾಸವನ್ನು ಯಾವ ಖಾತೆಯಲ್ಲಿಯೂ ನಮೂದಿಸಲಾಗದು. ಇಂತಹ ಅಡಚಣೆಗಳಿಗೆ ಹಲವು ಬಾರಿ ಕಾರಣವಾಗುವುದು ಕೆಲವು ನೂರು ರೂಪಾಯಿಗಳ ಸ್ಪಾರ್ಕ್ ಪ್ಲಗ್. ಅದನ್ನು ಮಾಲೀಕರು ಅಥವಾ ಚಾಲಕರು ಮನೆಯಂಗಳದಲ್ಲಿಯೇ ಬದಲಾಯಿಸಬಹುದು. ಆದರೆ ಮೊದಲ ಬಾರಿ ಮಾಡುವವರು ಕ್ರಮವನ್ನು ಸರಿಯಾಗಿ ಅರಿತಿರುವುದು ಅವಶ್ಯಕ.

ಯಾವ ವಾಹನಗಳಿಗೆ ಅನ್ವಯ?

ಡೀಸೆಲ್ ಎಂಜಿನ್‌ಗಳಲ್ಲಿ ಒತ್ತಡದ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುವುದರಿಂದ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಕೆಲವು ಡೀಸೆಲ್ ಎಂಜಿನ್‌ಗಳಲ್ಲಿರುವ ಹೀಟರ್ ಪ್ಲಗ್ ಬೇರೆಯದೇ ಭಾಗ. ಪೆಟ್ರೋಲ್ ಮತ್ತು ಸಿಎನ್‌ಜಿ ವಾಹನಗಳಿಗೆ ಮಾತ್ರ ಈ ವಿಷಯ ಅನ್ವಯಿಸುತ್ತದೆ. ಉದಾಹರಣೆಗೆ, ಟಾಟಾ ಏಸ್‌ನ ಪೆಟ್ರೋಲ್ ಮಾದರಿಯಲ್ಲಿ 2 ಸಿಲಿಂಡರ್‌ಗಳಿದ್ದು 2 ಪ್ಲಗ್‌ಗಳು ಬೇಕಾಗುತ್ತವೆ. ಮಾರುತಿ ಸೂಪರ್ ಕ್ಯಾರಿಯ ಪೆಟ್ರೋಲ್ ಮತ್ತು ಸಿಎನ್‌ಜಿ ಮಾದರಿಗಳಿಗೆ 4 ಪ್ಲಗ್‌ಗಳು ಬೇಕು.

ವಿಳಂಬದಿಂದಾಗುವ ನಷ್ಟ

ಪ್ರತಿ ಕಿಡಿಯೊಂದಿಗೆ ಪ್ಲಗ್‌ನ ತುದಿ ಅತ್ಯಲ್ಪ ಪ್ರಮಾಣದಲ್ಲಿ ಸವೆಯುತ್ತದೆ. ತುದಿಗಳ ನಡುವಣ ಅಂತರ ಹೆಚ್ಚಾದಂತೆ ಕಿಡಿ ಹಾರಲು ಹೆಚ್ಚಿನ ವೋಲ್ಟೇಜ್ ಬೇಕಾಗಿ ಇಗ್ನಿಷನ್ ಕಾಯಿಲ್‌ನ ಮೇಲೆ ಹೊರೆ ಬೀಳುತ್ತದೆ. ಕ್ರಮೇಣ ಎಂಜಿನ್ ಮಿಸ್ಸಿಂಗ್ ಆರಂಭವಾಗಿ, ಏರಿನಲ್ಲಿ ಎಳೆತ ಕುಗ್ಗುತ್ತದೆ.

ಲೆಕ್ಕಕ್ಕಾಗಿ, ತಿಂಗಳಿಗೆ 1,500 ಕಿ.ಮೀ. ಓಡುವ ವಾಹನವು ಲೀಟರಿಗೆ 15 ಕಿ.ಮೀ. ಬದಲು 14 ಕಿ.ಮೀ. ಕೊಟ್ಟರೆ ಸುಮಾರು 7 ಲೀಟರ್ ಪೆಟ್ರೋಲ್ ಹೆಚ್ಚು ಬೇಕು. ಲೀಟರಿಗೆ 100 ರೂ. ಎಂದು ಭಾವಿಸಿದರೆ ತಿಂಗಳಿಗೆ 700 ರೂ. ವ್ಯರ್ಥ. ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಉರಿಯದ ಇಂಧನ ಹೊಗೆ ಕೊಳವೆ ಸೇರಿ ಕ್ಯಾಟಲಿಟಿಕ್ ಕನ್ವರ್ಟರನ್ನು ಅತಿಯಾಗಿ ಕಾಯಿಸಿ ಹಾಳುಗೆಡವಬಲ್ಲದು. ಆ ಭಾಗದ ಬೆಲೆಯ ಮುಂದೆ ಪ್ಲಗ್‌ಗಳ ಬೆಲೆ ನಗಣ್ಯ.

ಬದಲಾಯಿಸುವ ಕ್ರಮ

1. ವಾಹನವನ್ನು ಸಮತಟ್ಟಾದ, ಗಾಳಿಯಾಡುವ ಸ್ಥಳದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಬೇಕು. ಎಂಜಿನ್ ಪೂರ್ಣವಾಗಿ ತಣಿದಿರಬೇಕು. ಬಿಸಿಯಾದ ಅಲ್ಯೂಮಿನಿಯಂ ಹೆಡ್‌ನಿಂದ ಪ್ಲಗ್ ತೆಗೆದರೆ ಥ್ರೆಡ್ ಕೆಡುವ ಸಂಭವವಿದೆ. ಸಿಎನ್‌ಜಿ ವಾಹನವಾದರೆ ಅನಿಲ ಸಿಲಿಂಡರಿನ ವಾಲ್ವ್ ಮುಚ್ಚಬೇಕು.

2. ಕೀಲಿ ತೆಗೆದು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಡಿಸಬೇಕು. ಈ ವರ್ಗದ ಅನೇಕ ವಾಹನಗಳಲ್ಲಿ ಎಂಜಿನ್ ಮುಂದಿನ ಆಸನದ ಕೆಳಗಿರುತ್ತದೆ.

3. ಒಂದು ಬಾರಿಗೆ ಒಂದೇ ಪ್ಲಗ್‌ನ ಕೆಲಸ ಮುಗಿಸಬೇಕು. ಹೀಗೆ ಮಾಡಿದರೆ ತಂತಿಗಳು ಅದಲುಬದಲಾಗುವುದಿಲ್ಲ. ತಂತಿಯನ್ನು ಹಿಡಿದು ಎಳೆಯದೆ ಅದರ ರಬ್ಬರ್ ಕ್ಯಾಪನ್ನು ಹಿಡಿದು ಬಿಡಿಸಬೇಕು.

4. ಪ್ಲಗ್‌ನ ಸುತ್ತಲಿನ ಧೂಳನ್ನು ಗಾಳಿಯಿಂದ ಊದಿ ತೆಗೆದ ನಂತರವೇ ಪ್ಲಗ್ ಸ್ಪ್ಯಾನರ್ ಹಾಕಿ ಸಡಿಲಿಸಬೇಕು. ಬಿಗಿದುಕೊಂಡಿದ್ದರೆ ಬಲಪ್ರಯೋಗ ಸಲ್ಲದು.

5. ಹೊಸ ಪ್ಲಗ್ ಕೈಪಿಡಿಯಲ್ಲಿ ಸೂಚಿಸಿದ ಸಂಖ್ಯೆಯದ್ದೇ ಆಗಿರಬೇಕು. ಅದರ ಅಂತರವನ್ನು ಫೀಲರ್ ಗೇಜ್‌ನಿಂದ ಪರೀಕ್ಷಿಸಬೇಕು. ಸಾಮಾನ್ಯವಾಗಿ ಇದು 0.7ರಿಂದ 1.1 ಮಿ.ಮೀ. ಇರುತ್ತದೆಯಾದರೂ ಕೈಪಿಡಿಯ ಅಳತೆಯೇ ಅಂತಿಮ. ಇರಿಡಿಯಂ ಪ್ಲಗ್‌ನ ತುದಿ ಸೂಕ್ಷ್ಮವಾದುದರಿಂದ ಅದನ್ನು ಬಗ್ಗಿಸಬಾರದು.

6. ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಬೇಕು. ವಾಷರ್ ಇರುವ ಹೊಸ ಪ್ಲಗ್ ಆದರೆ ನಂತರ ಸ್ಪ್ಯಾನರ್‌ನಿಂದ ಅರ್ಧದಿಂದ ಮೂರನೇ ಎರಡು ಸುತ್ತು ಸಾಮಾನ್ಯವಾಗಿ ಸಾಕು. ಟಾರ್ಕ್ ರೆಂಚ್ ಇದ್ದರೆ ಕೈಪಿಡಿಯ ಅಳತೆಯಂತೆ ಬಿಗಿಯಬೇಕು.

ಮೊದಲ ಬಾರಿಯ ಪ್ರಮಾದಗಳಲ್ಲಿ ಅತ್ಯಂತ ದುಬಾರಿಯಾದುದು ಓರೆಯಾಗಿ ಕುಳಿತ ಪ್ಲಗ್ಗನ್ನು ಸ್ಪ್ಯಾನರ್‌ನಿಂದ ಬಿಗಿಯುವುದು. ಹೆಡ್‌ನ ಥ್ರೆಡ್ ಕೆಟ್ಟರೆ ಅದನ್ನು ವರ್ಕ್‌ಶಾಪಿನಲ್ಲಿಯೇ ಸರಿಪಡಿಸಬೇಕಾಗುತ್ತದೆ.

ಹಳೆಯ ಪ್ಲಗ್ ನೀಡುವ ಸೂಚನೆ

ತೆಗೆದ ಪ್ಲಗ್‌ಗಳನ್ನು ಸಿಲಿಂಡರ್‌ಗಳ ಕ್ರಮದಲ್ಲಿ ಇರಿಸಿ ಪರಿಶೀಲಿಸಬೇಕು. ತುದಿ ತಿಳಿಕಂದು ಬಣ್ಣದ್ದಾಗಿದ್ದರೆ ಎಂಜಿನ್ ಆರೋಗ್ಯಕರವಾಗಿದೆ. ಒಣಗಿದ ಕಪ್ಪು ಮಸಿ ಹೆಚ್ಚು ಇಂಧನ ಹೋಗುತ್ತಿರುವುದರ ಅಥವಾ ಏರ್ ಫಿಲ್ಟರ್ ಕಟ್ಟಿರುವುದರ ಲಕ್ಷಣ. ಎಣ್ಣೆಯ ಪಸೆ ಕಂಡರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್‌ಗಳ ಸವೆತವನ್ನು ಶಂಕಿಸಬೇಕು. ತುದಿ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ಅದು ಅತಿಯಾದ ಶಾಖದ ಗುರುತು. ಕೊನೆಯ ಎರಡು ಸಂದರ್ಭಗಳಲ್ಲಿ ಕೇವಲ ಪ್ಲಗ್ ಬದಲಾಯಿಸಿ ಸುಮ್ಮನಾಗುವುದು ಸರಿಯಲ್ಲ.

ಲೆಕ್ಕಪತ್ರ ಮತ್ತು ತೆರಿಗೆ

ಪ್ಲಗ್‌ಗಳ ಖರೀದಿಯು ಚಾಲ್ತಿ ದುರಸ್ತಿ ವೆಚ್ಚವೇ ಹೊರತು ಬಂಡವಾಳ ವೆಚ್ಚವಲ್ಲ. ಆದರೆ ಆದಾಯ ತೆರಿಗೆಯ ಅಂದಾಜು ವರಮಾನ ಪದ್ಧತಿಯನ್ನು ಆಯ್ದುಕೊಂಡವರು ಇದನ್ನು ಪ್ರತ್ಯೇಕವಾಗಿ ಕಳೆಯಲು ಬರುವುದಿಲ್ಲ.

2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ದರವನ್ನು ಶೇ. 18ಕ್ಕೆ ಇಳಿಸಲಾಗಿದೆ. ಪ್ರಯಾಣಿಕ ಕಾರುಗಳಿಗಿರುವ ನಿರ್ಬಂಧ ಸರಕು ವಾಹನಗಳಿಗೆ ಇಲ್ಲವಾದುದರಿಂದ, ತೆರಿಗೆಗೆ ಒಳಪಟ್ಟ ವ್ಯವಹಾರಕ್ಕೆ ಬಳಸುವ ವಾಹನದ ಬಿಡಿಭಾಗಗಳ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಇದಕ್ಕೆ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯುಳ್ಳ ತೆರಿಗೆ ಬಿಲ್ಲು ಅಗತ್ಯ. ಬಿಳಿ ಚೀಟಿಯ ಮೇಲಿನ ಖರೀದಿಗೆ ಈ ಸೌಲಭ್ಯ ದೊರೆಯದು. ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರಿಗೂ ಇದು ಅನ್ವಯಿಸುವುದಿಲ್ಲ.

ವಾರಂಟಿ ಅವಧಿಯಲ್ಲಿರುವ ವಾಹನದ ಕೆಲಸವನ್ನು ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸುವುದೇ ಕ್ಷೇಮ. ಉಳಿದಂತೆ, ಪ್ರತಿ ವಾಹನಕ್ಕೂ ಒಂದು ಪುಸ್ತಕವಿರಿಸಿ ಪ್ಲಗ್ ಬದಲಾಯಿಸಿದ ದಿನಾಂಕ, ಮೀಟರ್ ಓದು, ಪ್ಲಗ್ ಸಂಖ್ಯೆ ಹಾಗೂ ಬಿಲ್ಲಿನ ವಿವರ ಬರೆದಿಟ್ಟರೆ ಮುಂದಿನ ಬದಲಾವಣೆಯ ಕಾಲ ತಾನಾಗಿಯೇ ತಿಳಿಯುತ್ತದೆ. ಗೋದಾಮಿನ ದಾಸ್ತಾನಿಗೆ ನೀಡುವ ಗಮನದ ಒಂದಂಶವನ್ನು ವಾಹನಕ್ಕೂ ನೀಡಿದರೆ ಅದು ದಾರಿಯಲ್ಲಿ ನಿಲ್ಲುವ ಸಂದರ್ಭಗಳು ಬಹುಮಟ್ಟಿಗೆ ತಪ್ಪುತ್ತವೆ.