ಶಾಲೆಯ ಹೆಸರಿನಲ್ಲಿ ಮೇಲ್ ಬರೆದವರು ಯಾರು? ಡೊಮೇನಿನ ಟಿಎಕ್ಸ್‌ಟಿ ದಾಖಲೆ



ಆದೋನಿ ಸುತ್ತಿನ ಒಂದು ಕನ್ನಡ ಮಾಧ್ಯಮ ಶಾಲೆ ಸ್ವಂತ ಡೊಮೇನ್ ಹೆಸರು ಕೊಂಡು, ಆ ಹೆಸರಿನಿಂದ ಪಾಲಕರಿಗೆ ಇ-ಮೇಲ್ ಕಳಿಸುತ್ತಿದೆ ಅಂತ ಇಟ್ಟುಕೊಳ್ಳಿ. ಒಂದು ದಿನ ಅದೇ ವಿಳಾಸದಿಂದ "ಪರೀಕ್ಷಾ ಶುಲ್ಕವನ್ನು ಈ ಖಾತೆಗೆ ಹಾಕಿರಿ" ಎಂಬ ಮೇಲ್ ಬಂದರೆ? ಅದು ಶಾಲೆಯದೋ, ಮೋಸಗಾರರದೋ?

ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ ರೂಪುಗೊಂಡಿದ್ದು 1982ರಲ್ಲಿ. ಕಳಿಸಿದವರು ಬರೆದ ಹೆಸರನ್ನು ಅದು ಪರೀಕ್ಷಿಸುವುದಿಲ್ಲ. ಅಂಚೆ ಲಕೋಟೆಯ ಮೇಲೆ ಯಾರ ಹೆಸರು ಬೇಕಾದರೂ ಬರೀಬಹುದಲ್ಲ, ಹಂಗೇ ಇದು.

ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಒಬ್ಬ ಬಂದು "ನಾನು ಇಂಥ ದಲಾಲಿ ಅಂಗಡಿಯವನು" ಅಂದ ಎನ್ನಿ. ನೀವು ಅವನ ಮಾತು ನಂಬೋದಿಲ್ಲ. ಆ ಅಂಗಡಿಯ ಬಾಗಿಲಿಗೆ ಮಾಲೀಕ ಹಚ್ಚಿದ ಪಟ್ಟಿಯಲ್ಲಿ ಅವನ ಹೆಸರಿದೆಯೇ ಅಂತ ನೋಡ್ತೀರಿ. ಪಟ್ಟಿಯನ್ನು ಎಲ್ಲರೂ ಓದಬಹುದು, ಬರೆಯೋ ಹಕ್ಕು ಮಾಲೀಕನಿಗೆ ಮಾತ್ರ. ಡೊಮೇನಿಗೆ ಅಂಥ ಪಟ್ಟಿಯೇ ಟಿಎಕ್ಸ್‌ಟಿ ದಾಖಲೆ. ಹೆಸರುಗಳನ್ನು ಅಂಕಿ ವಿಳಾಸಗಳಿಗೆ ಜೋಡಿಸುವ ಡಿಎನ್‌ಎಸ್ ವ್ಯವಸ್ಥೆಯ 1987ರ ನಿಯಮಾವಳಿಯಲ್ಲೇ ಇದಕ್ಕೆ ಜಾಗವಿತ್ತು.

ಮೇಲ್‌ಗಾಗಿ ಮೂರು ದಾಖಲೆ ಬೇಕು.

1. ಎಸ್‌ಪಿಎಫ್: ನಮ್ಮ ಹೆಸರಿನಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ.

2. ಡಿಕಿಮ್: ಪ್ರತಿ ಮೇಲ್‌ನ ಮೇಲಿರುವ ಗಣಿತದ ಸಹಿಯನ್ನು ಪರೀಕ್ಷಿಸುವ ಬಹಿರಂಗ ಕೀಲಿ.

3. ಡಿಮಾರ್ಕ್: ಓದುಗರಿಗೆ ಕಾಣುವ ವಿಳಾಸಕ್ಕೂ ಮೇಲಿನ ಎರಡರಲ್ಲಿ ಒಂದಕ್ಕಾದರೂ ತಾಳೆಯಾಗದಿದ್ದರೆ ಏನು ಮಾಡಬೇಕೆಂಬ ಸೂಚನೆ.

ಹಾಕುವ ಕ್ರಮ ಹೀಗಿದೆ. ಮೊದಲು ಡೊಮೇನಿನ ನೇಮ್‌ಸರ್ವರ್ ಯಾರ ಬಳಿ ಇದೆ ನೋಡ್ರಿ. ಕೊಂಡದ್ದು ಒಂದು ಕಡೆ, ನೇಮ್‌ಸರ್ವರ್ ಇನ್ನೊಂದು ಕಡೆ ಇದ್ದರೆ, ಕೊಂಡ ಕಡೆ ಬರೆದದ್ದು ಕೆಲಸಕ್ಕೆ ಬರೋದಿಲ್ಲ. ಅಲ್ಲಿ ಲಾಗಿನ್ ಆಗಿ, ಡಿಎನ್‌ಎಸ್ ಪುಟದಲ್ಲಿ ಹೊಸ ದಾಖಲೆ ಸೇರಿಸಿ, ಬಗೆ ಟಿಎಕ್ಸ್‌ಟಿ ಎಂದು ಆರಿಸಿರಿ. ಎಸ್‌ಪಿಎಫ್‌ಗೆ ಹೆಸರಿನ ಜಾಗದಲ್ಲಿ ಸಾಮಾನ್ಯವಾಗಿ @ ಚಿಹ್ನೆ. ಮೌಲ್ಯದ ಜಾಗದಲ್ಲಿ ನಿಮ್ಮ ಮೇಲ್ ಸೇವೆಯವರು ಕೊಟ್ಟ ಸಾಲನ್ನು ಒಂದಕ್ಷರವೂ ಬಿಡದೆ ಅಂಟಿಸಿರಿ. ಟಿಟಿಎಲ್ 3600 ಸಾಕು, ಅಂದರೆ ಹಳೆಯ ಉತ್ತರವನ್ನು ಬೇರೆ ಸರ್ವರ್‌ಗಳು ಒಂದು ತಾಸು ನೆನಪಿಟ್ಟುಕೊಳ್ಳಬಹುದು. ಹಾಕಿದ ತಕ್ಷಣ ಕಾಣಲಿಲ್ಲ ಅಂತ ಗಾಬರಿ ಬ್ಯಾಡ.

ಒಂದು ಡೊಮೇನಿಗೆ ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಎರಡು ಇದ್ದರೆ ಪರೀಕ್ಷೆಯೇ ಕೆಡುತ್ತದೆ. ಹೊಸ ಸೇವೆ ಬಂದರೆ ಹಳೆಯ ಸಾಲಿನೊಳಗೇ ಸೇರಿಸಿರಿ. ಡಿಮಾರ್ಕ್‌ನಲ್ಲಿ ಮೊದಲು "ಬರೀ ವರದಿ ಕಳಿಸು" ಎಂಬ ಸೂಚನೆ ಇಟ್ಟು, ನಮ್ಮದೇ ಮೇಲ್‌ಗಳು ಸರಿಯಾಗಿ ಹೋಗುತ್ತಿವೆ ಎಂದು ಖಾತ್ರಿಯಾದ ಮೇಲೆ "ತಿರಸ್ಕರಿಸು" ಎಂದು ಬಿಗಿ ಮಾಡಿರಿ.

ತರಗತಿಗೊಂದು ಲೆಕ್ಕ: ಟಿಎಕ್ಸ್‌ಟಿಯ ಒಂದು ತುಣುಕಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ 3. "ಆದೋನಿ"ಯಲ್ಲಿ ಆ, ದ, ಓಕಾರ, ನ, ಇಕಾರ, ಒಟ್ಟು 5 ಸಂಕೇತ, 15 ಬೈಟ್. ಹಾಗಾದರೆ ಒಂದು ತುಣುಕಿನಲ್ಲಿ "ಆದೋನಿ" ಎಷ್ಟು ಸಲ ಹಿಡಿಸುತ್ತದೆ? ಮಕ್ಕಳಿಗೆ ಕೇಳ್ರಿ. ಉತ್ತರ 17.

ಎರಡು ಎಚ್ಚರಿಕೆ. ಈ ಪಟ್ಟಿಯನ್ನು ಜಗತ್ತೆಲ್ಲ ಓದಬಹುದು. ಪಾಸ್‌ವರ್ಡ್, ಫೋನ್ ನಂಬರು ಅಲ್ಲಿ ಬರೀಬ್ಯಾಡ್ರಿ. ಇನ್ನು, ಶಾಲೆಯ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಬೇರೆ ಡೊಮೇನ್ ಕೊಂಡವರನ್ನು ಈ ದಾಖಲೆ ತಡೆಯಲಾರದು. ವಿಳಾಸವನ್ನು ಅಕ್ಷರ ಅಕ್ಷರ ಓದುವುದನ್ನು ಪಾಲಕರಿಗೆ ಕಲಿಸಬೇಕು.

ಕೊನೆಗೆ, ಡೊಮೇನಿನ ಲಾಗಿನ್ ಒಬ್ಬ ಮೇಷ್ಟ್ರ ಸ್ವಂತ ಮೇಲ್‌ನಲ್ಲಿ ಮಾತ್ರ ಇರದಿರಲಿ. ಅವರಿಗೆ ವರ್ಗವಾಗಿ, ನವೀಕರಣ ತಪ್ಪಿ, ಹೆಸರು ಬೇರೆಯವರ ಪಾಲಾದರೆ, ಪಟ್ಟಿ ಬರೆಯೋ ಹಕ್ಕೂ ಅವರದೇ ಆಗುತ್ತದೆ.