‘ಸಾಸಲು ಎಂಬ ಊರು’: ಯಂತ್ರದ ಓದು ಮತ್ತು ಕನ್ನಡದ ವಾಕ್ಯರಚನೆ

ಓದಿನಿಂದಲೇ ಲೋಕಜ್ಞಾನವನ್ನು ಗಳಿಸಬಲ್ಲ ಗಣಕವ್ಯವಸ್ಥೆಯೊಂದು 2010ರ ಜನವರಿಯಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಾರ್ಯಾರಂಭ ಮಾಡಿತು. ಟಾಮ್ ಮಿಚೆಲ್ ಅವರ ತಂಡ ರೂಪಿಸಿದ ‘ನೆಲ್’ ಎಂಬ ಈ ವ್ಯವಸ್ಥೆ ಹಗಲಿರುಳೂ ಅಂತರಜಾಲದ ಇಂಗ್ಲಿಷ್ ಪಠ್ಯವನ್ನು ಓದುತ್ತಿತ್ತು. ನಗರ, ಆಟಗಾರ ಮುಂತಾದ ನೂರಾರು ವರ್ಗಗಳನ್ನೂ ಪ್ರತಿ ವರ್ಗಕ್ಕೆ ಹತ್ತು ಹದಿನೈದು ಉದಾಹರಣೆಗಳನ್ನೂ ಅದಕ್ಕೆ ಒದಗಿಸಲಾಗಿತ್ತು. ಆ ಉದಾಹರಣೆಗಳು ಬರುವ ವಾಕ್ಯಗಳ ವಿನ್ಯಾಸವನ್ನು ಗುರುತಿಸಿ, ಅದೇ ವಿನ್ಯಾಸದಿಂದ ಹೊಸ ಹೆಸರುಗಳನ್ನು, ಹೊಸ ಹೆಸರುಗಳಿಂದ ಮತ್ತಷ್ಟು ವಿನ್ಯಾಸಗಳನ್ನು ಅದು ಪಡೆಯುತ್ತಿತ್ತು. ಮೊದಲ 67 ದಿನಗಳಲ್ಲಿ 2,42,000ಕ್ಕೂ ಮಿಕ್ಕ ಸಂಗತಿಗಳು ಸಂಗ್ರಹವಾದವು. ಅವುಗಳಲ್ಲಿ ಸರಿಯಾದವು ಸುಮಾರು ಶೇ. 74 ಎಂದು ಅಂದಾಜಿಸಲಾಯಿತು. ‘ಇಂಟರ್‌ನೆಟ್ ಕುಕೀ’ಯನ್ನು ಬೇಕರಿಯ ತಿನಿಸೆಂದು ಬಗೆದ ನೆಲ್, ಕುಕೀಗಳಂತೆಯೇ ಅಳಿಸಲಾಗುವ ಗಣಕದ ಕಡತಗಳನ್ನೂ ತಿನಿಸುಗಳ ಸಾಲಿಗೆ ಸೇರಿಸಿದ್ದು ಪ್ರಸಿದ್ಧ. ಒಂದು ತಪ್ಪು ಹಲವು ತಪ್ಪುಗಳಿಗೆ ಬೀಜವಾಗುವ ಅಪಾಯ ಈ ವಿಧಾನದ ಒಡಲಲ್ಲೇ ಇದೆ.

ಇದೇ ವಿಧಾನವನ್ನು ಕನ್ನಡಕ್ಕೆ ಅನ್ವಯಿಸಿದರೆ ತೊಡಕು ಬೇರೆಯದು. ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಸಾಸಲನ್ನೇ ನಿದರ್ಶನವಾಗಿ ನೋಡಬಹುದು. ಕನ್ನಡದಲ್ಲಿ ವರ್ಗಸೂಚಕ ಪದ ಸಾಮಾನ್ಯವಾಗಿ ಹೆಸರಿನ ಬಳಿಕ ಬರುತ್ತದೆ: ‘ಸಾಸಲು ಎಂಬ ಊರು’, ‘ಸಾಸಲು, ತೂಬಗೆರೆ ಮೊದಲಾದ ಊರುಗಳು’. ‘ಎಂಬ’, ‘ಮೊದಲಾದ’ ಇವು ಯಂತ್ರಕ್ಕೆ ದೊರೆಯುವ ಅತ್ಯುತ್ತಮ ಸುಳಿವುಗಳು. ಆದರೆ ಬರೆಹದಲ್ಲಿ ‘ಸಾಸಲೆಂಬ’ ಎಂದಾದೊಡನೆ ಲೋಪಸಂಧಿಯಿಂದ ಹೆಸರಿನ ಕೊನೆಯ ಉಕಾರವೂ ಎರಡು ಪದಗಳ ನಡುವಿನ ತೆರಪೂ ಒಟ್ಟಿಗೇ ಮರೆಯಾಗುತ್ತವೆ. ‘ಸಾಸಲಿನ’, ‘ಸಾಸಲಿಗೆ’, ‘ಸಾಸಲಿನಲ್ಲಿ’ ಎಂಬ ರೂಪಗಳು ಒಂದೇ ಪ್ರಕೃತಿಯವೆಂದು ತಿಳಿಯದ ಯಂತ್ರ ಒಂದೇ ಊರನ್ನು ನಾಲ್ಕಾಗಿ ಎಣಿಸೀತು. ಶಾಲೆಯಲ್ಲಿ ಒಣಪಾಠವೆನಿಸಿದ ಸಂಧಿ, ವಿಭಕ್ತಿ ಪ್ರಕರಣಗಳು ಇಲ್ಲಿ ಅನಿವಾರ್ಯ ಉಪಕರಣಗಳು.

ಅರ್ಥದ ತೊಡಕು ಇದಕ್ಕಿಂತ ಆಳವಾದುದು. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿಯೂ ಸಾಸಲು ಇದೆ. ಪರಸ್ಪರ ವಿರುದ್ಧವಾದ ಹೇಳಿಕೆಗಳಲ್ಲಿ ಒಂದನ್ನು ಕೈಬಿಡುವುದು ನೆಲ್‌ನಂತಹ ವ್ಯವಸ್ಥೆ ತಪ್ಪನ್ನು ತಡೆಯುವ ಮುಖ್ಯ ಉಪಾಯ. ‘ಒಂದು ಊರು ಒಂದೇ ಜಿಲ್ಲೆಗೆ ಸೇರುತ್ತದೆ’ ಎಂಬ ನಿಯಮವನ್ನು ಅದಕ್ಕೆ ಕೊಟ್ಟರೆ, ಎರಡು ನಿಜಗಳಲ್ಲಿ ಒಂದು ಬಲಿಯಾಗುತ್ತದೆ. ಅಂತರಜಾಲದಲ್ಲಿ ಕಡಿಮೆ ಬಾರಿ ಉಲ್ಲೇಖಗೊಂಡ ಊರು ಅಳಿಯುತ್ತದೆ. ದೊಡ್ಡಬಳ್ಳಾಪುರದ ಸಾಸಲನ್ನಷ್ಟೇ ತೆಗೆದುಕೊಂಡರೂ 1986ಕ್ಕೆ ಹಿಂದಿನ ಬರೆಹಗಳು ಅದನ್ನು ಬೆಂಗಳೂರು ಜಿಲ್ಲೆಗೆ ಸೇರಿಸುತ್ತವೆ, ಅನಂತರದವು ಬೆಂಗಳೂರು ಗ್ರಾಮಾಂತರಕ್ಕೆ. ಆ ಜಿಲ್ಲೆಗೆ ಬೆಂಗಳೂರು ಉತ್ತರವೆಂದು ಹೆಸರಿಡಲು 2025ರಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಶಾಸನ ಸಂಪಾದಕರು ಪ್ರತಿ ಪಾಠದೊಡನೆ ಕಾಲವನ್ನೂ ದೊರೆತ ಸ್ಥಳವನ್ನೂ ನಮೂದಿಸುವಂತೆ, ಯಂತ್ರವೂ ಪ್ರತಿ ಸಂಗತಿಯೊಡನೆ ಅದರ ಆಕರ ಮತ್ತು ವರ್ಷವನ್ನು ಇರಿಸಿಕೊಂಡರೆ ಮಾತ್ರ ಈ ಹೇಳಿಕೆಗಳೆಲ್ಲ ಒಟ್ಟಿಗೆ ಉಳಿಯಬಲ್ಲವು.