ಮಳೆಕಾಡಿನ ನೆಲ, ಮಳೆಕಾಡಿನ ನೆತ್ತಿ

ಪೆರು ದೇಶದ ಆಗ್ನೇಯ ಭಾಗದಲ್ಲಿ, ಅಮೆಜಾನ್ ಕಾಡಿನೊಳಗೆ, ತಂಬೊಪಾತ ನದಿಯ ದಂಡೆಯ ಮೇಲೆ ಇನ್ಫಿಯೆರ್ನೊ ಎಂಬ ಊರಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಈ ಪದಕ್ಕೆ 'ನರಕ' ಎಂದರ್ಥ! ಎಸೆ ಎಹ ಬುಡಕಟ್ಟಿನವರೂ ಅನಂತರ ಬಂದು ನೆಲೆಸಿದವರೂ ಕೂಡಿ ಬಾಳುವ ಈ ಊರಿಗೆ ಸುಮಾರು 9,500 ಹೆಕ್ಟೇರ್ ನೆಲದ ಮೇಲೆ ಸಾಮೂಹಿಕ ಹಕ್ಕಿದೆ. 1996ರಲ್ಲಿ ಊರಿನವರು ಒಂದು ಪ್ರವಾಸಿ ಸಂಸ್ಥೆಯೊಡನೆ 20 ವರ್ಷಗಳ ಒಪ್ಪಂದ ಮಾಡಿಕೊಂಡರು. ಕಾಡಿನಲ್ಲಿ ಒಂದು ವಸತಿಗೃಹ, ಲಾಭದಲ್ಲಿ ಶೇ. 60 ಊರಿಗೆ, ಶೇ. 40 ಸಂಸ್ಥೆಗೆ, ತೀರ್ಮಾನಗಳಲ್ಲಿ ಸಮಪಾಲು. 1998ರಲ್ಲಿ ಆರಂಭವಾದ ಈ ವಸತಿಗೃಹವೇ 'ಪೊಸಾದ ಅಮೆಜೋನಾಸ್'. ಇಲ್ಲಿನ ಕೊಠಡಿಗಳಿಗೆ ಗೋಡೆಗಳು ಮೂರೇ. ನಾಲ್ಕನೆಯ ಬದಿ ಕಾಡಿಗೆ ತೆರೆದಿರುತ್ತದೆ.

ಮಳೆಕಾಡಿಗೆ ಬಂದವರಿಗೆ ಮೊದಲ ದಿನ ನಿರಾಸೆಯಾಗುವುದುಂಟು. ಚಿತ್ರಗಳಲ್ಲಿ ಕಂಡ ಹೂವು, ಗಿಳಿ, ಕೋತಿಗಳೆಲ್ಲಿ? ಕಾಲುದಾರಿಯಲ್ಲಿ ಕಾಣುವುದು ಮರದ ಕಾಂಡ, ತರಗೆಲೆ, ನಡುಹಗಲಿನಲ್ಲೂ ಮುಸ್ಸಂಜೆಯ ಮಬ್ಬು. ಇದಕ್ಕೆ ಕಾರಣ ಸರಳ ಗಣಿತ. ಇಂತಹ ಕಾಡಿನಲ್ಲಿ ಒಂದು ಚದರ ಮೀಟರ್ ನೆಲದ ನೇರಕ್ಕೆ ಮೇಲಿರುವ ಎಲೆಗಳನ್ನೆಲ್ಲ ಕಿತ್ತು ಹರಡಿದರೆ ಸುಮಾರು 6 ಚದರ ಮೀಟರ್ ಆಗುತ್ತದೆ, ಅಂದರೆ ಆರು ಪದರ. ಪ್ರತಿ ಪದರವೂ ತನ್ನ ಮೇಲೆ ಬಿದ್ದ ಬೆಳಕಿನ ಅರ್ಧವನ್ನು ತಡೆಯುತ್ತದೆ ಎಂದು ಸ್ಥೂಲವಾಗಿ ಭಾವಿಸೋಣ. ಆರು ಸಲ ಅರ್ಧವಾದರೆ ಉಳಿಯುವುದು 1/64, ಎಂದರೆ ಸುಮಾರು ಶೇ. 1.6. ಮಳೆಕಾಡಿನ ನೆಲದಲ್ಲಿ ಅಳೆದಾಗ ಸಿಗುವುದೂ ಶೇ. 1ರಿಂದ 2ರಷ್ಟು ಬೆಳಕೇ! ವಿಕಿರಣಪಟುತ್ವದ ಪಾಠದಲ್ಲಿ ಬರುವ ಅರ್ಧಾಯುಷ್ಯದ್ದೂ ಇದೇ ಬಗೆಯ ಇಳಿಕೆ. ಆಗುಂಬೆಯ ಕಾಡಿನಲ್ಲೋ ದಟ್ಟವಾದ ಅಡಿಕೆ ತೋಟದಲ್ಲೋ ಲಕ್ಸ್ ಮೀಟರ್ ಹಿಡಿದು ವಿದ್ಯಾರ್ಥಿಗಳೇ ಇದನ್ನು ಪರೀಕ್ಷಿಸಬಹುದು.

ಬೆಳಕಿದ್ದಲ್ಲಿ ಹೂವು ಹಣ್ಣು, ಅವಿದ್ದಲ್ಲಿ ಪ್ರಾಣಿಪಕ್ಷಿ. ಅದಕ್ಕಾಗಿಯೇ ವಸತಿಗೃಹದ ಸಮೀಪ ಸುಮಾರು 30 ಮೀ. ಎತ್ತರದ ಗೋಪುರ ಕಟ್ಟಿದ್ದಾರೆ. ಮೇಲೇರಿದರೆ ಬಿಸಿಲು, ಗಾಳಿ, ಹಾರುವ ಮಕಾವ್ ಗಿಳಿಗಳು. ಹಗಲಿನಲ್ಲಿ ಬಿಸಿಲನ್ನು ಹೀರುವುದು ಕಾಡಿನ ನೆತ್ತಿಯಾದ್ದರಿಂದ ಬಿಸಿಗಾಳಿ ಮೇಲೆ, ತಂಪುಗಾಳಿ ಕೆಳಗೆ ಇರುತ್ತದೆ. ಈ ಜೋಡಣೆ ಸ್ಥಿರವಾದದ್ದು. ಗಾಳಿ ಮೇಲೆ ಕೆಳಗೆ ಬೆರೆಯುವುದಿಲ್ಲ. ಹಾಗಾಗಿ ನೆಲದ ಬಳಿ ಗಾಳಿಯು ನೀರಾವಿಯಿಂದ ಬಹುತೇಕ ಪರ್ಯಾಪ್ತವಾಗಿಯೇ ಉಳಿಯುತ್ತದೆ. ಉಷ್ಣಮಾಪಕ ಕೆಳಗೆ ಕಡಿಮೆ ತೋರಿಸಿದರೂ ಬೆವರು ಆರದೆ ಸೆಕೆಯಾಗುವುದು ಅಲ್ಲಿಯೇ. ಒಗೆದ ಬಟ್ಟೆಯೂ ಒಣಗದು.

ನೆತ್ತಿ ಹೀರಿದ ಶಕ್ತಿಯ ಹೆಚ್ಚಿನ ಪಾಲು ಎಲೆಗಳ ನೀರನ್ನು ಆವಿಯಾಗಿಸಲು ಬಳಕೆಯಾಗುತ್ತದೆ. ದಿನಕ್ಕೆ 4 ಮಿ.ಮೀ. ಎಂದು ಹಿಡಿದರೂ ಹೆಕ್ಟೇರಿಗೆ 40,000 ಲೀಟರ್ ಆಯಿತು. ಊರಿನ ನೆಲವೆಲ್ಲ ಕಾಡೆಂದುಕೊಂಡರೆ ದಿನವೊಂದಕ್ಕೆ 38 ಕೋಟಿ ಲೀಟರ್! ಅಮೆಜಾನಿನ ಮಳೆಯಲ್ಲಿ ಸುಮಾರು ಅರ್ಧ ಹೀಗೆ ಕಾಡೇ ಮರಳಿಸಿದ ನೀರು ಎಂದು ಬ್ರೆಜಿಲಿನ ವಿಜ್ಞಾನಿ ಎನೆಯಾಸ್ ಸಲಾತಿ ಮತ್ತು ಸಂಗಡಿಗರು 1979ರಲ್ಲಿ ಆಮ್ಲಜನಕದ ಸಮಸ್ಥಾನಿಗಳ ನೆರವಿನಿಂದ ತೋರಿಸಿದರು.

ಈ ನೀರಿಗಾಗಿ ಊರಿಗೆ ಯಾರೂ ಹಣ ಕೊಡುವುದಿಲ್ಲ. ಹಾರ್ಪಿ ಹದ್ದನ್ನು ನೋಡಲು ಕೊಡುತ್ತಾರೆ. ಎರಡು ಮೂರು ವರ್ಷಗಳಿಗೊಂದು ಮರಿಯನ್ನಷ್ಟೇ ಬೆಳೆಸುವ ಈ ಭಾರಿ ಹದ್ದು ಎತ್ತರದ ಮರಗಳಲ್ಲಿ ಗೂಡು ಕಟ್ಟುತ್ತದೆ. ತನ್ನ ಪಾಲಿನ ಜಮೀನಿನಲ್ಲಿ ಗೂಡಿದ್ದ ಹಳ್ಳಿಗನಿಗೆ, ಪ್ರವಾಸಿಗರು ನೋಡಲು ಬಂದಾಗ ಹಣ ಸಿಗುವ ಏರ್ಪಾಡು ಇಲ್ಲಿ ಬಂತು. ಮರವನ್ನು ಕಡಿಯದಿರುವುದೇ ಆದಾಯವಾಯಿತು. ಜಾಣ ಏರ್ಪಾಡೇ, ಆದರೆ ಜನ ಬರುತ್ತಿದ್ದರೆ ಮಾತ್ರ. 2020ರಲ್ಲಿ ಕೊರೋನಾದಿಂದ ಪ್ರವಾಸವೇ ನಿಂತುಹೋಗಿತ್ತು.

ಇದಕ್ಕಿಂತ ದೊಡ್ಡ ಪೈಪೋಟಿ ಚಿನ್ನದ್ದು. ಇದೇ ಮಾದ್ರೆ ದೆ ದಿಯೊಸ್ ಪ್ರಾಂತದಲ್ಲಿ ಕಾಡು ಕಡಿದು, ನದಿಯ ಮರಳನ್ನು ತೊಳೆದು, ಚಿನ್ನದ ಕಣಗಳನ್ನು ಪಾದರಸದಲ್ಲಿ ಹಿಡಿದು ಕಾಯಿಸುತ್ತಾರೆ. ಪಾದರಸ ಆವಿಯಾಗಿ ಗಾಳಿ ಸೇರುತ್ತದೆ. ಅದು ಎಲ್ಲಿ ಇಳಿಯುತ್ತದೆ ಎಂಬುದನ್ನು ಅಳೆದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಗಣಿಗಳ ಸಮೀಪದ ಬಯಲಿಗಿಂತ, ಕಡಿಯದೆ ಉಳಿದ ಲೋಸ್ ಅಮಿಗೋಸ್ ಕಾಡಿನೊಳಗೇ ಬಹಳ ಹೆಚ್ಚು ಪಾದರಸ ಬಿದ್ದಿತ್ತು. ಬೆಳಕನ್ನು ತಡೆಯುವ ಆ ಎಲೆಯ ಪದರಗಳೇ ಗಾಳಿಯ ಪಾದರಸವನ್ನೂ ಹಿಡಿಯುತ್ತವೆ. ಬಳಿಕ ಮಳೆನೀರು ಮತ್ತು ತರಗೆಲೆಯ ಜೊತೆ ಅದು ನೆಲಕ್ಕಿಳಿಯುತ್ತದೆ. ಅಲ್ಲಿನ ಹಾಡುಹಕ್ಕಿಗಳ ಗರಿಗಳಲ್ಲಿಯೂ ಪಾದರಸ ಹೆಚ್ಚಾಗಿ ಕಂಡುಬಂದಿದೆ.